ಏನರೆ ವಿಶೇಷ ಅದ ಏನ್ರಿ?

ಮೊನ್ನೆ ಭಾನುವಾರ, ಇಲ್ಲಿ ಜರ್ಮನಿಯಲ್ಲಿ, ಪಕ್ಕದ ಮನೆಯ ಅಜ್ಜಿ ನನಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸಿದರು. ನಿವೃತ್ತರಾಗುವವರೆಗೂ ಒಂದು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ಬರೆದವರು. 'ನಿನ್ನ ಬಗ್ಗೆ ಹೇಳು' ಅಂದರು. ನಾನು ರೂಢಿಯಂತೆ ಶುರು ಹಚ್ಚಿಕೊಂಡೆ: ಮದುವೆಯಾಗಿದೆ, ಇಬ್ಬರು ಮಕ್ಕಳು, ನಮ್ಮ ಮನೆಯವರು... ಅಜ್ಜಿ ಕೈ ಎತ್ತಿದರು.

"ಇದನ್ನೆಲ್ಲ ಯಾರು ಕೇಳಿದರು? ಬಸುರಿಯಾ ಅಂತ ಕೇಳಿದರೆ ಸುಳ್ಳು ಹೇಳು. ಏನೂ ಆಗಲ್ಲ."

ನಂಬಲಿಲ್ಲ ನಾನು. ಆಮೇಲೆ ಓದಿ ನೋಡಿದೆ, ನಿಜ. ಜರ್ಮನಿಯಲ್ಲಿ ಆ ಪ್ರಶ್ನೆ ಕೇಳುವಂತಿಲ್ಲ. ಕೇಳಿದಾಗ ಸುಳ್ಳು ಹೇಳಿದವಳನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತೆಯೂ ಇಲ್ಲ. 2006ರಿಂದ ತಾರತಮ್ಯ ತಡೆಯಲೆಂದೇ ಒಂದು ಕಾನೂನಿದೆ. ಹಾಗಂತ ಇಲ್ಲಿ ಎಲ್ಲವೂ ಚೊಕ್ಕ ಅಂತಲ್ಲ, ಅರ್ಜಿಗೆ ಫೋಟೊ ಹಚ್ಚುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ.

2009. ಕಲಬುರಗಿ ಕಾಗದದಲ್ಲಿ ಆಗಿನ್ನೂ ಗುಲ್ಬರ್ಗ. ಒಂದು ಖಾಸಗಿ ಶಾಲೆ, ಗಣಿತದ ಟೀಚರ್ ಕೆಲಸ. ಗಾಜು ಹಾಸಿದ ಮೇಜು, ಗಾಜಿನಡಿ ದೇವರ ಫೋಟೊ, ಹಳೆಯ ಕ್ಯಾಲೆಂಡರ್ ಹಾಳೆ. ಪಾಠ ಮಾಡಿ ತೋರಿಸಿದ್ದೆ, ಮೆಚ್ಚಿದ್ದರು. ಯಾವ ಮಂದಿ ಅಂತ ಕೇಳಿದರು. ಮನೆಯವರು ಏನು ಮಾಡ್ತಾರ ಅಂದರು. ಕೊನೆಗೆ, ತೀರಾ ಮೆತ್ತಗೆ, "ಸದ್ಯ ಏನರೆ ವಿಶೇಷ ಅದ ಏನ್ರಿ?"

"ಹೌದ್ರಿ ಸರ, ಈಗ ನಾಕನೇ ತಿಂಗಳು."

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. "ಬಾಣಂತನ ಮುಗಿಸ್ಕೊಂಡ ಬರ್ರಿ, ನೋಡೋಣ."

ಹೊರಗೆ ಬೇವಿನ ಗಿಡದ ಕೆಳಗೆ ಅಪ್ಪ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಫೋನ್ ಮಾಡ್ತಾರಂತ ಅಂದೆ. ಎಷ್ಟೋ ದಿನ ಅಪ್ಪ ಕೇಳುತ್ತಲೇ ಇದ್ದರು, ಬಂತೇನವ್ವ ಫೋನು ಅಂತ.

ಪ್ರಶ್ನೆಯೇ ಕೆಟ್ಟದ್ದು ಅನ್ನಲಾರೆ. ಉದ್ಯಾನ್ ಎಕ್ಸ್‌ಪ್ರೆಸ್ ವಾಡಿ ಮುಟ್ಟುವುದರೊಳಗೆ ಎದುರಿನ ಸೀಟಿನ ಅಕ್ಕ ಇದನ್ನೇ ಕೇಳಿ, ಬುತ್ತಿ ಬಿಚ್ಚಿ, ಶೇಂಗಾ ಹೋಳಿಗೆ ಕೈಗೆ ಇಡುತ್ತಾಳೆ. ಇಲ್ಲಿ ಏಳು ವರ್ಷದಲ್ಲಿ ಯಾರೂ ಕೇಳಿಲ್ಲ. ಯಾರಾದರೂ ಕೇಳಬಾರದೇ ಅನ್ನಿಸಿದ ಸಂಜೆಗಳೂ ಇವೆ. ಆದರೆ ಅಕ್ಕನ ಕೈಯಲ್ಲಿ ಹೋಳಿಗೆ ಇತ್ತು, ಮೇಜಿನಾಚೆ ಕೂತವರ ಕೈಯಲ್ಲಿ ನನ್ನ ಅನ್ನ.

ಅಜ್ಜಿಯನ್ನು ಮರುದಿನ ಕೇಳಿದೆ, ಮಾಲೀಕರಿಗೆ ನಷ್ಟ ಅಲ್ಲವಾ? ಇಲ್ಲವಂತೆ. ಹೆರಿಗೆ ರಜೆಯಲ್ಲಿ ಅವರು ಕೊಟ್ಟ ದುಡ್ಡು ಆರೋಗ್ಯ ವಿಮೆಯ ನಿಧಿಯಿಂದ ವಾಪಸ್ ಬರುತ್ತದೆ. ಆ ನಿಧಿಗೆ ಎಲ್ಲ ಮಾಲೀಕರೂ ವಂತಿಗೆ ಕಟ್ಟಬೇಕು, ಬರೀ ಗಂಡಸರನ್ನು ಇಟ್ಟುಕೊಂಡವರೂ. ನಮ್ಮಲ್ಲಿ ಜಾತ್ರೆಗೆ ಮನೆಮನೆ ಪಟ್ಟಿ ಎತ್ತಿದ ಹಾಗೆ. ನಮ್ಮ ದೇಶದಲ್ಲಿ 2017ರಲ್ಲಿ ರಜೆ 12 ವಾರದಿಂದ 26ಕ್ಕೆ ಏರಿತು, ಸಂತೋಷವೇ. ಆದರೆ ಇಎಸ್ಐ, ಅಂದರೆ ನೌಕರರ ಸರ್ಕಾರಿ ವಿಮೆ, ಇಲ್ಲದ ಕಡೆ ಅಷ್ಟೂ ವಾರದ ಸಂಬಳ ಮಾಲೀಕನೊಬ್ಬನ ತಲೆಯ ಮೇಲೆ. ಆ ಭಾರ ಹಂಚದೆ ಪ್ರಶ್ನೆ ಹೇಗೆ ನಿಂತೀತು?

ನಿನ್ನೆ ಅಣ್ಣನ ಮಗಳು ಫೋನ್ ಮಾಡಿದ್ದಳು. "ಅತ್ತಿ, ಗುರುವಾರ ಇಂಟರ್‌ವ್ಯೂ ಅದ. ಮದುವಿ ಯಾವಾಗ ಅಂತ ಕೇಳಿದ್ರ ಏನ ಹೇಳ್ಲಿ?"

ಸುಳ್ಳು ಹೇಳು ಅನ್ನಲು ಬಾಯಿ ಬರಲಿಲ್ಲ. "ಕೆಲಸದ್ದು ಕೇಳ್ರಿ ಸರ ಅಂತ ಮೆತ್ತಗ ಅನ್ನು" ಅಂದೆ.

"ಹಂಗಂದ್ರ ಕೆಲಸ ಕೊಡ್ತಾರೇನು ಅತ್ತಿ?"

ಅಣ್ಣ ರಜೆ ಹಾಕಿದ್ದಾನಂತೆ. ಅವಳನ್ನು ಗಾಡಿ ಮೇಲೆ ಕರಕೊಂಡು ಹೋಗಿ, ಮುಗಿಯುವ ತನಕ ಹೊರಗೇ ನಿಂತಿರುತ್ತಾನಂತೆ.