ಕೇಸ್ ವಜಾ ಆಯ್ತು ಅಂದ್ರೆ ಸೋತ ಹಾಗಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಉಡುಪಿಯಲ್ಲಿ ಒಬ್ರು ವಕೀಲರ ಆಫೀಸಲ್ಲಿ ಗುಮಾಸ್ತನ ಕೆಲಸ ನಂದು. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲಿ ಕೂತ್ರೂ ಬಸ್ಸಲ್ಲಿ ನಿಂತ್ರೂ ಯಾರಾದ್ರೂ ಒಬ್ರು ಪಕ್ಕಕ್ಕೆ ಬಂದು ಕೇಳುದು ಇದನ್ನೇ, "ನಮ್ಮ ಕೇಸ್ ವಜಾ ಆಯ್ತಂತೆ ಮಾರಾಯ್ರೆ, ಹಾಗಾದ್ರೆ ನಾವು ಸೋತ್ವಾ? ಜಾಗ ಹೋಯ್ತಾ?" ಪೇಪರಲ್ಲಿ ಯಾರದ್ದೋ ಜಾಮೀನು ಅರ್ಜಿ ವಜಾ ಅಂತ ಬಂದ್ರೆ ಅವನು ಅಪರಾಧಿ ಅಂತ ತೀರ್ಮಾನ ಆಯ್ತು ಅಂತ್ಲೇ ಎಷ್ಟೋ ಜನ ತಿಳ್ಕೊಳ್ತಾರೆ. ಒಬ್ಬೊಬ್ರಿಗೆ ಹೇಳಿ ಮುಗಿಯುದಿಲ್ಲ, ಅದಕ್ಕೆ ಸರಿಯಾಗಿ ಒಮ್ಮೆ ಬರೆದು ಇಡ್ತಾ ಇದ್ದೇನೆ.

ಮೊದಲು ನೇರ ಉತ್ತರ. ವಜಾ ಅಂದ್ರೆ ಆ ಅರ್ಜಿಯೋ ದಾವೆಯೋ ಇನ್ನು ಆ ಕೋರ್ಟಿನ ಎದುರಿಗೆ ಇಲ್ಲ, ತೆಗೆದಾಯ್ತು, ಅಷ್ಟೇ. ಯಾಕೆ ತೆಗೆದ್ರು ಅನ್ನುದು ಆ ಒಂದು ಶಬ್ದದಲ್ಲಿ ಇಲ್ಲ. ಸೋತು ವಜಾ ಆಗಿರಬಹುದು, ಬಾರದೆ ವಜಾ ಆಗಿರಬಹುದು, ನೀವೇ ವಾಪಸ್ ತಗೊಂಡು ವಜಾ ಆಗಿರಬಹುದು, ಮುಂದೆ ಎಂತ ಮಾಡ್ಬಹುದು ಅನ್ನುದು ಪೂರ್ತಿ ಅದರ ಮೇಲೆ ನಿಂತಿರ್ತದೆ.

ಶಬ್ದದ ಮೂಲ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗ್ತದೆ. ಮಂಡಿಯಲ್ಲಿ ಅಡಿಕೆ ತೂಗಿಸಿದವರಿಗೆ ಈ ಶಬ್ದ ಕೋರ್ಟಿಗೆ ಹೋಗದೆಯೇ ಗೊತ್ತಿರ್ತದೆ. ಮೂಟೆ 65 ಕಿಲೋ 700 ಗ್ರಾಂ ಬಂತು, ಅದರಲ್ಲಿ ಗೋಣಿ 700 ಗ್ರಾಂ ವಜಾ, ನಿವ್ವಳ 65 ಕಿಲೋ. ಕೊಟ್ಟ ಅಡ್ವಾನ್ಸ್ ವಜಾ ಮಾಡಿ ಬಾಕಿ ಕೊಡುದು ಅಂತಾರಲ್ಲ, ಅದೂ ಇದೇ. ಹಳೇ ಅರ್ಥ ಇದು, ಕಳೆಯುದು. ಮರಾಠಿಯಲ್ಲಿ ಇವತ್ತಿಗೂ ಶಾಲೆ ಮಕ್ಕಳು ಕಲಿಯುವ ಕಳೆಯುವ ಲೆಕ್ಕಕ್ಕೆ ವಜಾಬಾಕಿ ಅಂತ್ಲೇ ಹೆಸರು. ಅದಕ್ಕೂ ಹಿಂದೆ ಹೋದ್ರೆ ಅರಬ್ಬಿಯ ವದ್ಅ ಅನ್ನುವ ಶಬ್ದ, ಅಂದ್ರೆ ಇಡುದು, ಕೆಳಗಿಡುದು. ಅದು ಫಾರ್ಸಿಯವರ ಬಾಯಲ್ಲಿ ವಜ್ ಆಗಿ ಲೆಕ್ಕದಿಂದ ತೆಗೆದಿಡುದು ಅನ್ನುವ ಅರ್ಥ ಗಟ್ಟಿ ಮಾಡ್ಕೊಂಡಿತು. ಹಳೇ ದಾಖಲೆಗಳಲ್ಲಿ ಊರಿನ ಹೆಸರಿನ ಹಿಂದೆ ಬರುವ ಮೌಜೆ ಉಂಟಲ್ಲ, ಅದೂ ಇದೇ ಬೇರಿನದ್ದು, ಇಟ್ಟ ಜಾಗ, ಸ್ಥಳ ಅಂತ.

ದ ಹೇಗೆ ಜ ಆಯ್ತು ಅಂತ ಕೇಳಿದ್ರೆ ನಮ್ಮ ಊರಿನವರಿಗೆ ಹೇಳುದು ಸುಲಭ, ಕೆಲವರು ರಮದಾನ್ ಅಂತಾರೆ ಕೆಲವರು ರಮ್ಜಾನ್ ಅಂತಾರೆ ಎರಡೂ ಒಂದೇ ಅಲ್ವಾ, ಅರಬ್ಬಿಯಲ್ಲಿ ಆ ಅಕ್ಷರ ಒಂಥರಾ ದಪ್ಪ ದಕಾರ, ಫಾರ್ಸಿಯವರಿಗೆ ಅದು ಜಕಾರವೇ. ನಂಗೆ ತುಂಬ ಖುಷಿ ಕೊಡುವ ವಿಷಯ ಎಂತ ಅಂದ್ರೆ ಕೋರ್ಟಿನ ಅರ್ಧ ಶಬ್ದಗಳು ಅದೇ ಒಂದು ಅಕ್ಷರವನ್ನು ಹೊತ್ಕೊಂಡು ಬಂದಂಥವು. ಅರ್ಜಿ, ಹಾಜರಿ, ರಾಜಿ, ಜಪ್ತಿ, ವಜಾ, ಕೊನೆಗೆ ಜಿಲ್ಲೆ ಕೂಡ. ಅರ್ಜಿ ಹಾಕಿ, ಹಾಜರಾಗಿ, ರಾಜಿ ಆಗದೆ, ಜಪ್ತಿಯೋ ವಜಾವೋ ಆಗುವ ತನಕ ಎಲ್ಲದರಲ್ಲೂ ಅದೇ ಅಕ್ಷರ.

ಇವೆಲ್ಲ ನಮ್ಮಲ್ಲಿಗೆ ಬಂದದ್ದು ಆಡಳಿತದ ದಾರಿಯಲ್ಲಿ. 1763ರಿಂದ 1799ರ ತನಕ ಈ ಕರಾವಳಿ ಹೈದರ್ ಮತ್ತೆ ಟಿಪ್ಪುವಿನ ಕೈಯಲ್ಲಿತ್ತು, ಆಗಿನ ಕಚೇರಿಗಳಲ್ಲಿ ಕನ್ನಡದ ಜೊತೆ ಫಾರ್ಸಿ ಮರಾಠಿ ಎರಡೂ ನಡೀತಿತ್ತು, ಆಮೇಲೆ ಕಂಪನಿಯ ಕಲೆಕ್ಟರಾಗಿ ಥಾಮಸ್ ಮುನ್ರೋ ಬಂದ ಮೇಲೂ ಲೆಕ್ಕದ ಭಾಷೆಯನ್ನು ಯಾರೂ ಕಿತ್ತು ಹಾಕ್ಲಿಲ್ಲ.

ಆದ್ರೆ ಕಳೆಯುದು ಅನ್ನುವ ಶಬ್ದ ಕೋರ್ಟಿಗೆ ಹತ್ತಿದ್ದು ಕನ್ನಡದಲ್ಲಿ. ಹಿಂದಿಯವರು ಅರ್ಜಿಗೆ ಖಾರಿಜ್ ಅಂತಾರೆ, ಕೆಲಸದಿಂದ ತೆಗೆದ್ರೆ ಬರ್ಖಾಸ್ತ್ ಅಂತಾರೆ. ಮರಾಠಿಯವರು ಅರ್ಜಿಯನ್ನು ಫೇಟಾಳ್ತಾರೆ, ನೌಕರನನ್ನು ಬಡತರ್ಫ್ ಮಾಡ್ತಾರೆ, ವಜಾವನ್ನು ಲೆಕ್ಕದ ಪುಸ್ತಕದಲ್ಲೇ ಬಿಟ್ಟಿದ್ದಾರೆ. ನಾವು ಮಾತ್ರ ಅರ್ಜಿಗೂ ವಜಾ, ನೌಕರನಿಗೂ ವಜಾ, ಸರ್ಕಾರಕ್ಕೂ ವಜಾ. ಇಂಗ್ಲಿಷಿನ ಡಿಸ್ಮಿಸ್ ಕೂಡ ಈ ಮೂರಕ್ಕೂ ಹೋಗ್ತದೆ, ಅದಕ್ಕೆ ಸರಿಸಾಟಿಯಾಗಿ ಒಂದೇ ಶಬ್ದ ಸಿಕ್ಕಿದ್ದು ಅನುಕೂಲವೇ, ಗೊಂದಲ ಹುಟ್ಟುದೂ ಅಲ್ಲೇ.

ಈಗ ಕಾನೂನಿಗೆ ಬರುವ. ದಾರಿ ತಕರಾರಿನ ದಾವೆ ಹಾಕಿದ್ದ ಒಬ್ರು ಅಮ್ಮ ಇ-ಕೋರ್ಟ್ಸ್ ಆ್ಯಪ್ ತೆರೆದು ಮೊಬೈಲ್ ನನ್ನ ಕೈಗೆ ಕೊಟ್ರು, "ಮಗ ದುಬಾಯಿಯಿಂದ ಫೋನ್ ಮಾಡಿ ಕೇಸ್ ಮುಗೀತು ಅಂತ ಬೈತಿದ್ದಾನೆ, ಎಂತ ಇದು ನೋಡಿ" ಅಂತ. ಅದ್ರಲ್ಲಿ ಅನ್‌ಕಂಟೆಸ್ಟೆಡ್, ಡಿಸ್ಮಿಸ್ಡ್ ಫಾರ್ ಡಿಫಾಲ್ಟ್ ಅಂತ ಇತ್ತು. ನಾನು ಹೇಳಿದೆ, "ಅಮ್ಮಾ, ಜಡ್ಜ್ ನಿಮ್ಮ ದಾರಿಯ ವಿಷಯ ನೋಡ್ಲೇ ಇಲ್ಲ, ಕರೆದಾಗ ನಿಮ್ಮ ಕಡೆಯಿಂದ ಯಾರೂ ಇರ್ಲಿಲ್ಲ, ಅದಕ್ಕೆ ತೆಗೆದದ್ದು." ಆರ್ಡರ್ ಶೀಟಲ್ಲಿ ಇದು ಎರಡು ಸಾಲಲ್ಲಿ ಮುಗೀತದೆ, ವಾದಿ ಗೈರು, ಪ್ರತಿವಾದಿ ಹಾಜರು, ಆದ್ದರಿಂದ ದಾವೆ ವಜಾ. 1908ರ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 9 ರೂಲ್ 8 ಅದು. ಇದಕ್ಕೆ ರೂಲ್ 9ರಲ್ಲಿ ಬಾಗಿಲು ಉಂಟು, ಬಾರದೇ ಇರಲಿಕ್ಕೆ ಸರಿಯಾದ ಕಾರಣ ತೋರಿಸಿ ಅದೇ ಕೋರ್ಟಲ್ಲಿ ದಾವೆಯನ್ನು ಪುನಃ ಫೈಲಿಗೆ ತಗೊಳ್ಳಿ ಅಂತ ಅರ್ಜಿ ಹಾಕ್ಬಹುದು. ಟೈಮ್ 30 ದಿನ, ವಜಾ ಆದ ತಾರೀಕಿನಿಂದ. ಆದ್ರೆ ಅದನ್ನು ಬಿಟ್ಟು ಅದೇ ಕಾರಣಕ್ಕೆ ಹೊಸ ದಾವೆ ಹಾಕ್ತೇನೆ ಅಂದ್ರೆ ಆಗುದಿಲ್ಲ. ಎರಡೂ ಕಡೆಯವರು ಬಾರದೆ ವಜಾ ಆಗಿದ್ರೆ ಮಾತ್ರ ವಾಯಿದೆಯೊಳಗೆ ಹೊಸತು ಹಾಕಲಿಕ್ಕೂ ದಾರಿ ಉಂಟು.

ಸಾಕ್ಷಿ ಎಲ್ಲ ಆಗಿ, ವಾದ ಕೇಳಿ, ಜಡ್ಜ್‌ಮೆಂಟ್ ಬರೆದು ವಜಾ ಮಾಡಿದ್ರೆ ಅದು ನಿಜವಾದ ಸೋಲು. ಆಗ ಅಪೀಲ್ ಒಂದೇ, ಅದೇ ವಿಷಯಕ್ಕೆ ಅದೇ ಜನ ಪುನಃ ದಾವೆ ಹೂಡುದನ್ನು ಅದೇ ಸಿವಿಲ್ ಪ್ರೊಸೀಜರ್ ಕೋಡಿನ ಸೆಕ್ಷನ್ 11 ತಡೀತದೆ. ಇನ್ನೊಂದು ಉಂಟು, ವಾದಪತ್ರವನ್ನೇ ತಿರಸ್ಕರಿಸುದು, ಕೋರ್ಟ್ ಫೀ ಕಡಿಮೆ ಕಟ್ಟಿ ಹೇಳಿದ ಮೇಲೂ ಸರಿ ಮಾಡದಿದ್ರೆ, ಅಥವಾ ದಾವೆಗೆ ಕಾರಣವೇ ಇಲ್ಲ ಅಂತ ಕಂಡ್ರೆ. ಇದನ್ನೂ ಜನ ವಜಾ ಅಂತ್ಲೇ ಹೇಳುದು, ಆದ್ರೆ ಇಲ್ಲಿ ತಪ್ಪು ಸರಿ ಮಾಡಿ ಹೊಸ ವಾದಪತ್ರ ಕೊಡ್ಬಹುದು.

ಚೆಕ್ ಬೌನ್ಸ್ ಕೇಸ್ ಹಾಕಿದವರು ಇಲ್ಲಿ ಸ್ವಲ್ಪ ಗಮನ ಕೊಡಿ. ಸಮನ್ಸ್ ಆದ ಮೇಲೆ ಫಿರ್ಯಾದಿ ಕೋರ್ಟಿಗೆ ಬಾರದಿದ್ರೆ ಕ್ರಿಮಿನಲ್ ಕೇಸ್ ನಡೆಸುವ ಹಳೇ ಕಾನೂನು ಸಿಆರ್‌ಪಿಸಿಯ 256ನೇ ಸೆಕ್ಷನ್ ಪ್ರಕಾರ ಆರೋಪಿಯನ್ನು ಖುಲಾಸೆ ಮಾಡಲಿಕ್ಕೆ ಆಗ್ತಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 279ನೇ ಸೆಕ್ಷನ್ ಪ್ರಕಾರ ಫಿರ್ಯಾದಿಗೆ ಬರಲಿಕ್ಕೆ 30 ದಿನ ಟೈಮ್ ಕೊಟ್ಟ ಮೇಲೆ ಖುಲಾಸೆ ಮಾಡಲಿಕ್ಕೆ ಆಗ್ತದೆ. ನೀವು ಮನೆಯಲ್ಲಿ ಕೇಸ್ ವಜಾ ಆಯ್ತು ಅಂತ ಹೇಳ್ತೀರಿ, ಕಾನೂನಿನ ಕಣ್ಣಲ್ಲಿ ಅವನು ಬಿಡುಗಡೆ ಆದವನು, ಆ ಕೋರ್ಟಿಗೇ ಹೋಗಿ ಪುನಃ ತಗೊಳ್ಳಿ ಅಂದ್ರೆ ಆಗುದಿಲ್ಲ, ಮೇಲಿನ ಕೋರ್ಟಿಗೇ ಹೋಗ್ಬೇಕು. ಬೀಡಿ ಕಟ್ಟಿ ಕೂಡಿಸಿದ ದುಡ್ಡು ಸಾಲ ಕೊಟ್ಟವರು ಹೀಗೆ ತಾರೀಕು ತಪ್ಪಿಸಿ ಪೇಚಾಡುದು ನೋಡಿದ್ರೆ ಹೊಟ್ಟೆ ಉರೀತದೆ.

ಜಾಮೀನು ಅರ್ಜಿ ವಜಾ ಅಂದ್ರೆ ಸದ್ಯಕ್ಕೆ ಬಿಡುದಿಲ್ಲ ಅಂತ ಮಾತ್ರ. ಅಪರಾಧ ಮಾಡಿದ್ದಾನಾ ಇಲ್ವಾ ಅನ್ನುದು ವಿಚಾರಣೆಯಲ್ಲಿ ಗೊತ್ತಾಗಬೇಕಾದ್ದು, ಪರಿಸ್ಥಿತಿ ಬದಲಾದ್ರೆ ಜಾಮೀನಿಗೆ ಪುನಃ ಅರ್ಜಿ ಹಾಕ್ಬಹುದು. ಸುಪ್ರೀಂ ಕೋರ್ಟಿನಲ್ಲಿ ಒಂದೇ ಸಾಲಲ್ಲಿ ವಜಾ ಆಗುವ ವಿಶೇಷ ಅನುಮತಿ ಅರ್ಜಿ, ಅಂದ್ರೆ ಅಪೀಲ್ ಮಾಡಲಿಕ್ಕೆ ಅನುಮತಿ ಕೇಳುವ ಅರ್ಜಿ, ಕೂಡ ಹಾಗೇ. ಕಾರಣ ಕೊಡದೆ ವಜಾ ಮಾಡಿದ್ರೆ ಹೈಕೋರ್ಟ್ ಹೇಳಿದ್ದು ಸರಿ ಅಂತ ಸುಪ್ರೀಂ ಕೋರ್ಟ್ ಮುದ್ರೆ ಒತ್ತಿತು ಅಂತ ಅರ್ಥ ಅಲ್ಲ, 2000ರಲ್ಲಿ ಕೇರಳದ ಕುಂಞಯಮ್ಮದ್ ಕೇಸಲ್ಲಿ ಅದೇ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ನೌಕರಿಯ ವಿಷಯ ಬೇರೆಯೇ ತೂಕದ್ದು. ಸರ್ಕಾರಿ ನೌಕರನನ್ನು ಸೇವೆಯಿಂದ ತೆಗೆದುಹಾಕಿದ್ರೆ ಮುಂದೆ ಸರ್ಕಾರಿ ಕೆಲಸಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ, ವಜಾ ಮಾಡಿದ್ರೆ ಸಾಮಾನ್ಯವಾಗಿ ಉಂಟು. ಅಮಾನತು ಈ ಎರಡೂ ಅಲ್ಲ, ಅವನು ಇನ್ನೂ ನೌಕರನೇ. ಸಂವಿಧಾನದ 311ನೇ ವಿಧಿ ಪ್ರಕಾರ ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವರು ವಜಾ ಮಾಡುವ ಹಾಗೇ ಇಲ್ಲ.

ಸರ್ಕಾರ ವಜಾ ಅಂದ್ರೆ ನಮ್ಮ ರಾಜ್ಯದವರಿಗೆ ನೆನಪಾಗಬೇಕಾದ್ದು ಆಗ ಮುಖ್ಯಮಂತ್ರಿ ಆಗಿದ್ದ ಎಸ್. ಆರ್. ಬೊಮ್ಮಾಯಿಯವರು. 1989ರ ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ತರುವ ಸಂವಿಧಾನದ 356ನೇ ವಿಧಿ ಬಳಸಿ ಅವರ ಸರ್ಕಾರವನ್ನು ವಜಾ ಮಾಡಿದ್ರು, ಸದನದಲ್ಲಿ ಬಹುಮತ ತೋರಿಸ್ತೇನೆ ಅಂದ್ರೂ ಅವಕಾಶ ಸಿಗ್ಲಿಲ್ಲ, ಅವರು ಹೈಕೋರ್ಟಿಗೆ ಹೋದ್ರೆ ಅಲ್ಲಿ ಆ ರಿಟ್ ಅರ್ಜಿಯೂ ವಜಾ. ಎರಡು ಸಲ ವಜಾ ಆದ್ಮೇಲೆ ಎಲ್ಲ ಮುಗೀತು ಅಂತ ಅವರು ಕೂತಿದ್ರೆ ಇವತ್ತು ಆ ತೀರ್ಪೇ ಇರ್ತಿರ್ಲಿಲ್ಲ. 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ ಆ ವಜಾವೇ ಸಂವಿಧಾನಕ್ಕೆ ವಿರುದ್ಧ, ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲಿ ಅಂತ ಹೇಳಿತು. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಆಗಿ ಬೇರೆ ಸರ್ಕಾರ ಬಂದಿತ್ತು, ಅವರಿಗೆ ಕುರ್ಚಿ ವಾಪಸ್ ಸಿಗ್ಲಿಲ್ಲ, ಆದ್ರೆ ಇವತ್ತು ಯಾವ ರಾಜ್ಯದ ಸರ್ಕಾರ ಅಲುಗಾಡಿದ್ರೂ ಬೊಮ್ಮಾಯಿ ತೀರ್ಪಿನ ಹೆಸರು ಬಂದೇ ಬರ್ತದೆ.

ಹಾಗಾಗಿ ವಜಾ ಅಂತ ಕೇಳಿದ ಕೂಡ್ಲೆ ನಿಮ್ಮ ವಕೀಲರ ಹತ್ರ ಯಾಕೆ ವಜಾ, ಯಾವ ತಾರೀಕಿಗೆ ವಜಾ ಅಂತ ಎರಡು ಮಾತು ಕೇಳಿ, ಆರ್ಡರ್ ಶೀಟ್ ತೋರಿಸಿ ಅನ್ನಿ, ಅದು ನಿಮ್ಮ ಹಕ್ಕು, ಸಂಕೋಚ ಬೇಡ. ಬಾರದೆ ವಜಾ ಆಗಿದ್ರೆ ಸರ್ಟಿಫೈಡ್ ಕಾಪಿ ಬರ್ಲಿ ಅಂತ ಕಾಯ್ಬೇಡಿ, 30 ದಿನ ಓಡ್ತಾ ಇರ್ತದೆ. ಅಪೀಲ್ ಆದ್ರೆ ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ, ಕಾಪಿಗೆ ಅರ್ಜಿ ಕೊಟ್ಟಲ್ಲಿಂದ ಕಾಪಿ ರೆಡಿ ಆಗುವ ತನಕದ ದಿನಗಳನ್ನು ವಾಯಿದೆಯ ಕಾನೂನಾದ ಲಿಮಿಟೇಶನ್ ಆ್ಯಕ್ಟಿನ 12ನೇ ಸೆಕ್ಷನ್ ಆ ಲೆಕ್ಕದಿಂದ ವಜಾ ಮಾಡ್ತದೆ.