ಗರಿಗಳ ಭಾನುವಾರ

ಪಕ್ಕದ ಮನೆಯ ಬಾಯಮ್ಮ ಇಗರ್ಜಿಯಿಂದ ಬಂದವರು ಗೇಟಿನ ಹತ್ತಿರ ನಿಂತಿದ್ದರು. ಒಂದು ಕೈಯಲ್ಲಿ ತೆಂಗಿನ ಗರಿ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದರು. "ಎಂಥ ಸೆಕೆ ಮಾರಾಯ್ರೇ!" ಉಡುಪಿಯ ಮಾರ್ಚ್ ಕೊನೆ, ಇನ್ನೇನು.

ಈಸ್ಟರ್‌ಗೆ ಮೊದಲಿನ ಭಾನುವಾರ, ಕ್ರೈಸ್ತರು ಗರಿ ಹಿಡಿದು ಪೂಜೆಗೆ ಹೋಗುವ ಗರಿಗಳ ಭಾನುವಾರ ಅದು. ನಾನು ಆಗ ಜಗಲಿಯಲ್ಲಿ ಕೂತು ಓದುತ್ತಿದ್ದದ್ದು 1461ರ ಗರಿಗಳ ಭಾನುವಾರ ನಡೆದ ಯುದ್ಧದ ಬಗ್ಗೆ. ಅವತ್ತು ಮಾರ್ಚ್ 29. ಇಂಗ್ಲೆಂಡಿನ ಟೌಟನ್ ಎಂಬ ಹಳ್ಳಿಯ ಬಯಲಲ್ಲಿ ಹಿಮ ಸುರಿಯುತ್ತಿತ್ತು. ಲಂಕಾಸ್ಟರ್, ಯಾರ್ಕ್ ಎಂಬ ಎರಡು ಮನೆತನಗಳ ನಡುವೆ ಸಿಂಹಾಸನದ ಜಗಳ, ನಮ್ಮ ಮಾತಲ್ಲಿ ಹೇಳುವುದಾದರೆ ಅಪ್ಪಟ ದಾಯಾದಿ ಜಗಳ. ಯಾರ್ಕ್ ಕಡೆಯ ಎಡ್ವರ್ಡ್‌ಗೆ ಬರೀ 18 ವರ್ಷ. ಮೂರು ತಿಂಗಳ ಹಿಂದಷ್ಟೇ ಅವನ ಅಪ್ಪನನ್ನು ಕೊಂದು, ತಲೆಗೆ ಕಾಗದದ ಕಿರೀಟ ಇಟ್ಟು ಯಾರ್ಕ್ ಊರಿನ ಬಾಗಿಲಿಗೆ ಸಿಕ್ಕಿಸಿದ್ದರಂತೆ. ಎದುರು ಪಕ್ಷದ ರಾಜ ಆರನೆಯ ಹೆನ್ರಿ ರಣರಂಗಕ್ಕೇ ಬಂದಿರಲಿಲ್ಲ.

ಲಂಕಾಸ್ಟರ್ ಸೈನ್ಯ ನಿಂತದ್ದು ಎತ್ತರದ ಜಾಗದಲ್ಲಿ. ಸುಮ್ನೆ ನಿಂತಿದ್ದರೂ ಸಾಕಿತ್ತೇನೋ. ಆದರೆ ಗಾಳಿ ಅವರ ಮುಖಕ್ಕೇ ಬೀಸುತ್ತಿತ್ತು. ಮಳೆಗಾಲದಲ್ಲಿ ಮಲ್ಪೆ ಕಡಲಿಗೆ ಮುಖಮಾಡಿ ಕಲ್ಲೆಸೆದು ನೋಡಿ, ಅದು ಎಲ್ಲಿ ಬೀಳುತ್ತದೆ, ನಿಮ್ಮ ಕಣ್ಣಲ್ಲಿ ಎಷ್ಟು ನೀರು ತುಂಬುತ್ತದೆ ಅಂತ. ಯಾರ್ಕ್ ಕಡೆ ಫಾಕನ್‌ಬರ್ಗ್ ಅಂತ ಪಳಗಿದ ದಂಡನಾಯಕ ಒಬ್ಬನಿದ್ದ. ಗಾಳಿಯ ಬೆನ್ನಿಗೆ ಒಂದು ಸುತ್ತು ಬಾಣ ಬಿಡಿಸಿ, ತಕ್ಷಣ ಬಿಲ್ಲುಗಾರರನ್ನು ಹಿಂದಕ್ಕೆ ಸರಿಸಿದ. ಹಿಮದಲ್ಲಿ ಏನೂ ಕಾಣದ ಲಂಕಾಸ್ಟರ್‌ನವರು ಬತ್ತಳಿಕೆ ಬರಿದಾಗುವವರೆಗೂ ಬಿಟ್ಟರು, ಎಲ್ಲವೂ ಅರ್ಧದಲ್ಲೇ ಬಿದ್ದವು. ಇವರು ಮುಂದೆ ಬಂದು ಅವೇ ಬಾಣಗಳನ್ನು ಕಿತ್ತು ಅವರ ಮೇಲೇ ಬಿಟ್ಟರು! ಬಾಣಕ್ಕೂ ಗರಿ ಇರುತ್ತದೆ ಅಲ್ವಾ. ನನ್ನ ತಲೆಯಲ್ಲಿ ಅವತ್ತಿಡೀ ಅದೇ ಗರಿ.

ಕೊನೆಗೆ ತಡೆಯಲಾರದೆ ಲಂಕಾಸ್ಟರ್‌ನವರೇ ಎತ್ತರ ಬಿಟ್ಟು ನುಗ್ಗಿದರು. ಗಂಟೆಗಟ್ಟಲೆ ಕೈಕೈ ಮಿಲಾಯಿಸಿದ ಮೇಲೆ, ತಡವಾಗಿ ಬಂದ ನಾರ್ಫೋಕ್ ದೊರೆಯ ಪಡೆ ಯಾರ್ಕ್ ಕಡೆ ಸೇರಿಕೊಂಡಿತು. ಅಲ್ಲಿಗೆ ಮುಗಿಯಿತು. ಓಡಿದವರಲ್ಲಿ ಎಷ್ಟೋ ಜನ ಕಾಕ್ ಬೆಕ್ ಎಂಬ ತೋಡಿನಲ್ಲಿ ಸತ್ತರು. ಸತ್ತವರು 28,000 ಅಂತ ಆಗಿನವರು ಬರೆದಿಟ್ಟಿದ್ದಾರೆ, ನನಗಂತೂ ಅದು ಜಾಸ್ತಿ ಅನಿಸುತ್ತದೆ, ಈಗಿನ ಇತಿಹಾಸಕಾರರಲ್ಲೂ ಅನೇಕರು ಒಪ್ಪುವುದಿಲ್ಲ. ಆದರೆ 1996ರಲ್ಲಿ ಅಲ್ಲೊಂದು ಗುಂಡಿ ಸಿಕ್ಕಿತು. ಅದರೊಳಗಿನ ಕೆಲವು ತಲೆಬುರುಡೆಗಳ ಮೇಲೆ ಒಂದಲ್ಲ ಎರಡಲ್ಲ, ಏಟಿನ ಮೇಲೆ ಏಟು.

ಇಷ್ಟನ್ನೂ ಬಾಯಮ್ಮನಿಗೆ ಹೇಳಿದೆ. ಕೈಯಲ್ಲಿದ್ದ ಗರಿಯನ್ನೊಮ್ಮೆ ನೋಡಿ, "ಹಾಗಾದ್ರೆ ಅವತ್ತು ಪೂಜೆಗೆ ಹೋದದ್ದು ಯಾರು?" ಅಂತ ಕೇಳಿದರು.