ಗೇಜಿಗೆ ಸರಿ, ಕೇಸಿಗೆ ಹೊಟ್ಟೆ

ಪೆನ್ಸಿಲ್ವೇನಿಯಾದಲ್ಲಿರುವ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಸಿಂಗಲ್ ಶಾಟ್ ರೈಫಲ್ ಕೊಂಡಿದ್ದ. ಮಧ್ಯಕ್ಕೆ ಮಡಚಿ ಒಂದೊಂದೇ ತೋಟಾ ತುಂಬುವ ಬಗೆ. ನಳಿಗೆಯ ಮೇಲೆ .30-30 ವಿಂಚೆಸ್ಟರ್ ಎಂಬ ತೋಟಾದ ಗುರುತು. ಒಂದು ಪೆಟ್ಟಿಗೆ, ಅಂದರೆ 20 ಫ್ಯಾಕ್ಟರಿ ತೋಟಾ ಹೊಡೆದಿದ್ದ. ಐದಾರು ಖಾಲಿ ಕೇಸುಗಳನ್ನು (ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಕವಚ) ಕ್ಲೀನಿಂಗ್ ರಾಡ್ ಹಾಕಿ ನಳಿಗೆಯ ಮುಂತುದಿಯಿಂದ ತಟ್ಟಿ ಹೊರಡಿಸಬೇಕಾಯಿತು, ಎರಡು ಉದ್ದಕ್ಕೆ ಸೀಳಿದ್ದವು. ಶನಿವಾರ ಬೆಳಿಗ್ಗೆ ಅವನ ಗ್ಯಾರೇಜಿನ ಬೆಂಚಿನ ಮೇಲೆ ಕೋವಿ, ಆ 20 ಕೇಸು, ಮೈಕ್ರೋಮೀಟರ್ ಇಟ್ಟುಕೊಂಡು ಕೂತೆವು.

"ಹೆಡ್‌ಸ್ಪೇಸ್ ಹೋಗಿದೆ ಅಲ್ವಾ ಮಾರಾಯ?" ಎಂದ. ಕೇಸು ಕೆಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ಆದರೆ ಹೆಡ್‌ಸ್ಪೇಸ್, ಅಂದರೆ ತೋಟಾದ ತಳಕ್ಕೆ ಹಿಂದೆಮುಂದೆ ಸಿಗುವ ಜಾಗ ಬೇರೆ; ಚೇಂಬರಿನ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನ ಅಗಲ ಬೇರೆ. .30-30 ರಿಮ್ ಇರುವ ತೋಟಾ. ಅದು ಚೇಂಬರಿನಲ್ಲಿ ನಿಲ್ಲುವುದು ತಳದಲ್ಲಿ ಹೊರಚಾಚಿದ ಆ ಅಂಚಿನ ಆಧಾರದಲ್ಲಿ. ರಿಮ್ಮಿಗೆ ಇರುವ ಜಾಗ ಜಾಸ್ತಿಯಾದರೆ ಹೊಡೆದಾಗ ಕೇಸು ಹಿಂದಕ್ಕೆ ಸರಿದು ಉದ್ದಕ್ಕೆ ಎಳೆಯುತ್ತದೆ. ಆಗ ಪ್ರೈಮರ್ (ತಳದ ನಡುವಿನ, ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಹೊರಗೆ ಉಬ್ಬಿ ನಿಲ್ಲಬಹುದು, ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರ ಮೂಡುತ್ತದೆ, ನಾಲ್ಕಾರು ಸಲ ರೀಲೋಡ್ (ಹೊಸ ಮದ್ದು, ಗುಂಡು ತುಂಬಿ ಮತ್ತೆ ಬಳಸುವುದು) ಮಾಡುವಷ್ಟರಲ್ಲಿ ಅಲ್ಲೇ ಎರಡು ತುಂಡಾಗುತ್ತದೆ. ಚೇಂಬರ್ ದಪ್ಪಕ್ಕೆ ಹಿಗ್ಗಿದ್ದರೆ ಕೇಸು ಅಡ್ಡಕ್ಕೆ ಉಬ್ಬುತ್ತದೆ, ಸೀಳುವುದು ಉದ್ದಕ್ಕೆ. ಸೀಳಿದ ದಿಕ್ಕು ನೋಡಿದರೇ ಅರ್ಧ ರೋಗ ಗೊತ್ತಾಗುತ್ತದೆ.

ಆದರೂ ಗೇಜ್ ಹಾಕಿಯೇ ಬಿಡೋಣ ಅಂತಾಯಿತು. ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿಯೂ ನೋಡಿ, ಬ್ರಷ್ ಹಾಕಿ ಒರೆಸಿದ ಮೇಲೆ ಹೆಡ್‌ಸ್ಪೇಸ್ ನೋಡುವ 0.063 ಇಂಚಿನ ಗೋ ಗೇಜ್ ಇಟ್ಟೆವು. ಗೋ ಮೇಲೆ ಕೋವಿ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಕೋವಿ ಸಲೀಸಾಗಿ ಮುಚ್ಚಿತು. 0.067ರ ನೋ-ಗೋ ಇಟ್ಟರೆ ಮುಚ್ಚಲಿಲ್ಲ. ಒತ್ತಾಯ ಮಾಡಬಾರದು, ಬೆರಳಿನ ಬಲ ಸಾಕು. ನಳಿಗೆಗೂ ಹಿಂಬದಿಯ ಗೋಡೆಗೂ ನಡುವೆ ಸಂದಿ ಅಳೆಯುವ ಫೀಲರ್ ಗೇಜಿನ 2 ಥೌ ಎಲೆ ಹೋಯಿತು, 4 ಥೌ ಎಲೆ ಹೋಗಲಿಲ್ಲ. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು, ಲೇತ್ ಶೆಡ್ಡಿನಲ್ಲಿ ಹೇಳುವ ಲೆಕ್ಕ. ಪ್ರೈಮರುಗಳೆಲ್ಲ ತಳಕ್ಕೆ ಸಮ ಕೂತಿದ್ದವು. ತಂತಿಯ ತುದಿ ಬಗ್ಗಿಸಿ ಕೇಸಿನ ಒಳಗೋಡೆಯ ಮೇಲೆ ತಳದಿಂದ ಮೇಲಕ್ಕೆ ಎಳೆದರೆ, ಒಳಗೆ ತೆಳುವಾದ ತಗ್ಗು ಇದ್ದ ಕಡೆ ತುದಿ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಎಲ್ಲೂ ಸಿಕ್ಕಲಿಲ್ಲ. ಹೆಡ್‌ಸ್ಪೇಸಿನ ಮೇಲಿನ ಆರೋಪ ಅಲ್ಲಿಗೆ ವಜಾ.

ಈಗ ಅಳತೆ. ಡಿಜಿಟಲ್ ಕ್ಯಾಲಿಪರ್ 1 ಥೌ ಆಚೀಚೆ ಹೇಳಿಬಿಡುತ್ತದೆ, ಈ ಕೆಲಸಕ್ಕೆ ಮೈಕ್ರೋಮೀಟರೇ ಬೇಕು. ತಳದಿಂದ 0.200 ಇಂಚು ಮೇಲೆ .30-30 ತೋಟಾದ ಗರಿಷ್ಠ ವ್ಯಾಸ 0.4215 ಇಂಚು, ಅಂದರೆ 10.7 ಮಿಲಿಮೀಟರ್. ಕೇಸು ಕತ್ತಿನ ಕಡೆಗೆ ಕಿರಿದಾಗತೊಡಗುವ ಭುಜದ ಹತ್ತಿರ 0.4013. ಆದರೆ 0.200ರಲ್ಲಿ ಮಾತ್ರ ಅಳೆದು ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಆ ಎತ್ತರದಲ್ಲಿ ಹಿತ್ತಾಳೆ ಇನ್ನೂ ದಪ್ಪ, ಚೇಂಬರ್ ಎಷ್ಟೇ ಹಿಗ್ಗಿದ್ದರೂ ಅದು ಪೂರ್ತಿ ಉಬ್ಬುವುದಿಲ್ಲ. ಹೊಟ್ಟೆ ಕಾಣುವುದು ಅದರ ತುಸು ಮೇಲೆ. ಹಾಗಾಗಿ 0.200, 0.300, 0.600 ಮತ್ತು ಭುಜ, ನಾಲ್ಕೂ ಕಡೆ, ಪ್ರತಿ ಕಡೆಯೂ ಕೇಸನ್ನು ತಿರುಗಿಸುತ್ತ ಅಳೆದೆವು.

0.300ರಲ್ಲಿ ತೋಟಾ ಸುಮಾರು 0.420 ಇರಬೇಕು. ಗೆಳೆಯನದೇ ಲಿವರ್ ಆಕ್ಷನ್ ರೈಫಲಿನಲ್ಲಿ ಹೊಡೆದ ಅದೇ ಕಂಪನಿಯ ಕೇಸು ಅಲ್ಲಿ 0.4215 ತೋರಿಸಿತು. ಈ ಕೋವಿಯ ಕೇಸು ಒಂದು ದಿಕ್ಕಿನಲ್ಲಿ 0.429, ಕಾಲು ಸುತ್ತು ತಿರುಗಿಸಿದರೆ 0.426. 0.600ರಲ್ಲಿ 0.418, ಭುಜದಲ್ಲಿ 0.403. ಹೊಡೆದ ಕೇಸು ಮೂರು ನಾಲ್ಕು ಥೌ ದಪ್ಪಗಾಗುವುದು ಸಹಜ. ಎಂಟು ಹತ್ತು ಥೌ ಆದರೆ ನಾನಂತೂ ಆ ಕೋವಿಯಲ್ಲಿ ಇನ್ನೊಂದು ಈಡು ಹೊಡೆಯುವುದಿಲ್ಲ. ಅಳತೆ ತುಲನೆ ಮಾಡಲು ಇನ್ನೊಂದು ಕೋವಿಯ ಕೇಸು ಬೇಕೇ ಬೇಕು. ಪುಸ್ತಕದಲ್ಲಿರುವುದು ಹೊಸ ತೋಟಾದ ಅಳತೆ, ಹೊಡೆದ ಕೇಸಿನದಲ್ಲ.

ಇದಕ್ಕಿಂತ ಸುಲಭದ ಪರೀಕ್ಷೆಯೊಂದಿದೆ, ಯಾವ ಉಪಕರಣವೂ ಬೇಡ. ಹೊಡೆದ ಕೇಸನ್ನೇ ಬೆರಳಿನಿಂದ ಮತ್ತೆ ಚೇಂಬರಿಗೆ ಹಾಕಿ. ಗುಂಡಗಿರುವ ಚೇಂಬರಾದರೆ ಹೇಗೆ ಹಾಕಿದರೂ ಒಂದೇ ತರ ಹೋಗುತ್ತದೆ. ಇದು ಕಾಲಂಗುಲ ಹೊರಗೆ ನಿಂತುಬಿಟ್ಟಿತು. ಮೆಲ್ಲಗೆ ತಿರುಗಿಸುತ್ತ ಹೋದಾಗ ಒಂದು ಕಡೆ ಪುಳಕ್ಕನೆ ಒಳಗಿಳಿಯಿತು. ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಮತ್ತೆ ಇಳಿಯಿತು. ಎರಡೇ ಜಾಗ. ಚೇಂಬರಿನ ಹಿಂಭಾಗ ಮೊಟ್ಟೆಯಾಕಾರ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ಎಚ್ಚರಿಕೆ: ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನು ಹೊರಗೆಳೆಯುವ ಭಾಗ) ಕೂರುವ ಕಚ್ಚಿನ ಜಾಗದಲ್ಲಿ ಕೇಸಿಗೆ ಆಸರೆ ಕಡಿಮೆ, ಅಲ್ಲಿ ಸಣ್ಣ ಉಬ್ಬು ಒಳ್ಳೆ ಕೋವಿಯಲ್ಲೂ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಕೊನೆಗೆ ಚೇಂಬರಿನ ಅಚ್ಚು ತೆಗೆದೆವು. ಇದಕ್ಕೆ ಸೆರೋಸೇಫ್ ಎಂಬ ಮಿಶ್ರಲೋಹ ಬರುತ್ತದೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಸೇರಿದ್ದು. 70ರಿಂದ 88 ಡಿಗ್ರಿ ಸೆಲ್ಸಿಯಸ್ ಒಳಗೆ ಕರಗುವುದರಿಂದ ಕುದಿಯುವ ನೀರಿನ ಮೇಲಿಟ್ಟ ಸೌಟು ಸಾಕು. ಗ್ಯಾಸ್ ಉರಿಗೆ ನೇರವಾಗಿ ಹಿಡಿಯಬೇಡಿ, ಸೀಸ ಮತ್ತು ಕ್ಯಾಡ್ಮಿಯಂ ತಮಾಷೆಯ ವಸ್ತುಗಳಲ್ಲ. ಕಿಟಕಿ ತೆರೆದಿರಲಿ, ಆಮೇಲೆ ಕೈ ತೊಳೆಯಿರಿ. ಈ ಬಗೆಯ ಕೋವಿಯಲ್ಲಿ ನಳಿಗೆಯ ಕೆಳಗಿನ ಕೈಹಿಡಿ, ಅಂದರೆ ಮುಂಗಟ್ಟಿಗೆಯ ಸ್ಕ್ರೂ ಬಿಚ್ಚಿದರೆ ನಳಿಗೆ ಕೈಗೆ ಬರುತ್ತದೆ. ಎಕ್ಸ್‌ಟ್ರಾಕ್ಟರ್ ತೆಗೆದು, ಚೇಂಬರ್ ಒಣಗಿಸಿ ತೆಳ್ಳಗೆ ಎಣ್ಣೆ ಸವರಿ, ಚೇಂಬರ್ ಮುಗಿದು ಒಂದಂಗುಲ ಮುಂದೆ ಬಟ್ಟೆಯ ಬಿರಡೆ ಜಡಿದು, ಹೇರ್ ಡ್ರೈಯರಿನಲ್ಲಿ ನಳಿಗೆ ಬೆಚ್ಚಗೆ ಮಾಡಿ, ನೆಟ್ಟಗೆ ನಿಲ್ಲಿಸಿ ಒಂದೇ ಧಾರೆಯಲ್ಲಿ ಹೊಯ್ಯಬೇಕು. ನಿಲ್ಲಿಸಿ ನಿಲ್ಲಿಸಿ ಹೊಯ್ದರೆ ಪದರ ಪದರವಾಗಿ ಅಚ್ಚು ಹಾಳು. ಮೇಲ್ಭಾಗ ಯಾವುದೆಂದು ಗುರುತು ಮಾಡುವುದನ್ನು ಮರೆಯಬಾರದು.

ಸೆರೋಸೇಫಿನ ಗುಣ ವಿಚಿತ್ರ. ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಅಷ್ಟರೊಳಗೆ ಅಚ್ಚನ್ನು ಹಿಂದಕ್ಕೆ ತಟ್ಟಿ ತೆಗೆಯಬೇಕು. ಆಮೇಲೆ ಹಿಗ್ಗತೊಡಗಿ ಸರಿಯಾಗಿ ಒಂದು ಗಂಟೆಗೆ ಚೇಂಬರಿನ ನಿಜ ಅಳತೆಗೆ ಬರುತ್ತದೆ. ನಾಳೆ ಅಳೆಯೋಣ ಅಂತ ಬಿಟ್ಟರೆ ಇನ್ನೂ ಬೆಳೆದಿರುತ್ತದೆ. ಕಾಫಿ ಕುಡಿದು ಬಂದು ಗಂಟೆಗೆ ಸರಿಯಾಗಿ ಅಳೆದೆವು. ಕತ್ತು, ಭುಜ, ಮುಂದಿನ ಅರ್ಧ ಎಲ್ಲ ಚೊಕ್ಕ. ಹಿಂದಿನ ಅರ್ಧ ಇಂಚು ಮಾತ್ರ ಗಂಟೆಯ ಬಾಯಿಯ ಹಾಗೆ ಅರಳಿ ಒಂದು ಬದಿಗೆ ವಾಲಿದೆ. ಅಚ್ಚಿನ ಮೇಲೆ ಉಗುರು ಓಡಿಸಿದರೆ ಆ ಭಾಗದಲ್ಲಿ ಅಡ್ಡಡ್ಡ ಗೀರು, ನಡುನಡುವೆ ತುಕ್ಕು ತಿಂದ ಗುಳಿಯ ಗುರುತು.

ಚೇಂಬರ್ ಕೊರೆಯುವ ರೀಮರ್ ದಪ್ಪ ಇದ್ದಿದ್ದರೆ ಚೇಂಬರ್ ಉದ್ದಕ್ಕೂ ದಪ್ಪ ಇರುತ್ತಿತ್ತು. ಬೇರೆ ತೋಟಾಕ್ಕೆ ಅಂತ ಮತ್ತೆ ಕೊರೆದಿದ್ದರೆ ಭುಜದ ಕೋನವೇ ಬದಲಾಗಿರುತ್ತಿತ್ತು. ಇದು ಹಳೇ ಮಾಲೀಕರಲ್ಲಿ ಯಾರೋ ತುಕ್ಕು ತೆಗೆಯಲು ಕಡ್ಡಿಗೆ ಎಮರಿ ಕಾಗದ ಸುತ್ತಿ, ಕೈಡ್ರಿಲ್ಲಿಗೆ ಸಿಕ್ಕಿಸಿ, ಹಿಂದಿನಿಂದ ತಿಕ್ಕಿದ ಕೆಲಸ. ಕೈ ವಾಲಿದ ಕಡೆ ಉಕ್ಕು ಹೆಚ್ಚು ಸವೆದಿದೆ. ರಿಮ್ ಕೂರುವ ಮೆಟ್ಟಿಲಿನ ಆಳಕ್ಕೆ ಎಮರಿ ತಾಗಿಲ್ಲ, ಗೇಜ್ ಪಾಸಾಗಿದ್ದು ಅದಕ್ಕೆ. ಉಬ್ಬಿದ ಹಿತ್ತಾಳೆ ಆ ಅಡ್ಡ ಗೀರುಗಳಿಗೆ ಕಚ್ಚಿಕೊಂಡಿದ್ದೇ ಕೇಸು ಸಿಕ್ಕಿಕೊಳ್ಳಲು ಕಾರಣ.

"ಕೇಸಿನ ಕತ್ತು ಮಾತ್ರ ಮತ್ತೆ ಅಳತೆಗೆ ಸೈಜ್ ಮಾಡಿ ಕಡಿಮೆ ಮದ್ದು ಹಾಕಿದ್ರೆ?" ಎಂದ ಗೆಳೆಯ. ಚೇಂಬರ್ ಗುಂಡಗಿದ್ದು ಸ್ವಲ್ಪ ಸಡಿಲ ಇದ್ದಿದ್ದರೆ ಅದು ನಡೆಯುವ ದಾರಿ. ಹಳೇ ಮಿಲಿಟರಿ .303 ರೈಫಲ್ ಇಟ್ಟುಕೊಂಡವರು ಹಾಗೇ ಮಾಡುತ್ತಾರೆ. ಇಲ್ಲಿ ಹೊಸ ಹಿತ್ತಾಳೆಯೇ ಮೊದಲ ಹೊಡೆತಕ್ಕೆ ಸೀಳಿದೆ, ಅನಿಲ ಹಿಂದಕ್ಕೆ ಬಂದರೆ ಎದುರಿಗಿರುವುದು ಮುಖ. ಸ್ಕ್ರೂ ನಳಿಗೆಯಾಗಿದ್ದರೆ ಹಿಂಭಾಗ ಕತ್ತರಿಸಿ, ಸ್ಕ್ರೂವಿನ ಮರೆ (ಥ್ರೆಡ್) ಹೊಸದಾಗಿ ಕಡಿದು, ಮತ್ತೆ ಚೇಂಬರ್ ಕೊರೆಯಬಹುದಿತ್ತು. ಮಡಚುವ ಕೋವಿಯಲ್ಲಿ ಫ್ರೇಮಿಗೆ ಸಿಕ್ಕಿಕೊಳ್ಳುವ ಕೊಕ್ಕೆಗಟ್ಟಿ ನಳಿಗೆಗೇ ಬೆಸೆದಿರುವುದರಿಂದ ಅದೂ ಸಾಧ್ಯವಿಲ್ಲ. ಚೇಂಬರಿನೊಳಗೆ ತೋಳು (ಸ್ಲೀವ್) ಕೂರಿಸುವ ಖರ್ಚಿಗೆ ಇನ್ನೊಂದು ನಳಿಗೆ ಬರುತ್ತದೆ, ಅದನ್ನೂ ಗನ್‌ಸ್ಮಿತ್ತೇ ಈ ಫ್ರೇಮಿಗೆ ಹೊಂದಿಸಿ ಕೊಡಬೇಕು.

ನಮ್ಮೂರಲ್ಲಿ ಓದುವವರಿಗೆ ಒಂದು ಮಾತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿ ಕೆಲಸಕ್ಕೆ ಅದರ ಲೈಸೆನ್ಸ್ ಇರುವ ಅಂಗಡಿಗೇ ಕೊಡಬೇಕು.

ಎರಡು ಕೇಸು ಮತ್ತು ಅಚ್ಚನ್ನು ಗನ್‌ಸ್ಮಿತ್ತಿಗೆ ತೋರಿಸಲು ಎತ್ತಿಟ್ಟು, ಉಳಿದ 18ನ್ನು ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಗುಜರಿ ಡಬ್ಬಕ್ಕೆ ಹಾಕಿದೆವು. ಲಿವರ್ ಆಕ್ಷನ್ನಿನ ಕೇಸುಗಳ ಜೊತೆ ಬೆರೆತು, ಕೇಸನ್ನು ಮೂಲ ಅಳತೆಗೆ ಒತ್ತುವ ರೀಲೋಡಿಂಗ್ ಡೈಗೆ ಹೋದರೆ, ಹೊರಗೆ ನೋಡಲು ಹೊಸದರಂತೆಯೇ ಇರುತ್ತವೆ. ನಳಿಗೆಗೆ ದಾರ ಕಟ್ಟಿ ಚೀಟಿ ತೂಗುಹಾಕಿದೆವು: ಚೇಂಬರ್ ಹಿಂಭಾಗ 0.430 × 0.427, ಹೊಡೆಯಬಾರದು.